ದೀರ್ಘ ಕ್ಯಾನ್ಸರ್ ಚಿಕಿತ್ಸೆಗೆ ಮನೆಯ ಹಣ ಹೊಂದಿಸಿಕೊಳ್ಳುವುದು ಹೇಗೆ?

ಇಪ್ಪತ್ತರ ಆಸುಪಾಸಿನ ಮಗನಿಗೋ ಮಗಳಿಗೋ ರಕ್ತದ ಕ್ಯಾನ್ಸರ್ ಎಂದು ವೈದ್ಯರು ಹೇಳಿದ ದಿನ, ತೀರ್ಥಹಳ್ಳಿ ಅಥವಾ ಸಾಗರದ ಕಡೆಯ ಮನೆಗಳಲ್ಲಿ ಮೊದಲು ಬಂಗಾರ ಅಡವಿಗೆ ಹೋಗುತ್ತದೆ, ಆಮೇಲೆ ಅಡಿಕೆ ಮಂಡಿಯಲ್ಲಿ ಮುಂದಿನ ಬೆಳೆಯ ಮೇಲೆ ಮುಂಗಡ ಕೇಳಲಾಗುತ್ತದೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಗಾಬರಿಯಲ್ಲಿ ತಮ್ಮನನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿ ಹತ್ತು ದಿನಗಳ ಬಿಲ್ಲನ್ನು ನಗದಾಗಿ ಕಟ್ಟಿದೆವು. ಮುಂಚಿತವಾಗಿ ಅನುಮತಿ ಪಡೆಯದೆ ಮಾಡಿಸಿದ ಚಿಕಿತ್ಸೆಯ ಹಣ ಸರ್ಕಾರಿ ಯೋಜನೆಯಿಂದ ಹಿಂದಕ್ಕೆ ಬರುವುದಿಲ್ಲವೆಂದು ತಿಳಿದದ್ದು ಅದಾದ ಮೇಲೆ. ಕೈಯಲ್ಲಿರುವ ಹಣವನ್ನು ಮೊದಲ ಬಿಲ್ಲಿಗೆ ಸುರಿಯದೆ ಚಿಕಿತ್ಸೆಯ ಕೊನೆಯವರೆಗೆ ಉಳಿಸಿಕೊಳ್ಳಲು ಯಾವ ಕೆಲಸವನ್ನು ಯಾವಾಗ ಮಾಡಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ವೈದ್ಯರನ್ನು ಚಿಕಿತ್ಸೆ ಒಟ್ಟು ಎಷ್ಟು ಕಾಲ ನಡೆಯುತ್ತದೆ ಎಂದು ಕೇಳಬೇಕು. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಬೇಕಾಗುತ್ತದೆ. ಆರಂಭದ ತಿಂಗಳುಗಳಲ್ಲಿ ಆಸ್ಪತ್ರೆವಾಸ ಹೆಚ್ಚು, ಆನಂತರ ಮನೆಯಲ್ಲಿಯೇ ಮಾತ್ರೆ ಮತ್ತು ಆಗಾಗ ರಕ್ತಪರೀಕ್ಷೆ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಆದರೆ ಕೀಮೋಥೆರಪಿ ಬಹುತೇಕ ಆರು ತಿಂಗಳೊಳಗೆ ಮುಗಿಯುತ್ತದೆ. ಈ ಎರಡಕ್ಕೂ ಬೇಕಾದ ಹಣದ ಸಿದ್ಧತೆ ಒಂದೇ ಅಲ್ಲ. ಆದ್ದರಿಂದ ಚಿಕಿತ್ಸೆಯ ಹಂತಗಳನ್ನೂ ಅಂದಾಜು ವೆಚ್ಚವನ್ನೂ ಆಸ್ಪತ್ರೆಯ ಮೊಹರಿನೊಂದಿಗೆ ಬರವಣಿಗೆಯಲ್ಲಿ ಪಡೆಯಿರಿ. ಇದೇ ಭೇಟಿಯಲ್ಲಿ, ಮೊದಲ ಕೀಮೋಗಿಂತ ಮುಂಚೆ, ಮುಂದೆ ಮಕ್ಕಳಾಗುವ ಸಾಧ್ಯತೆಯನ್ನು ಉಳಿಸಿಕೊಳ್ಳಲು ವೀರ್ಯ ಅಥವಾ ಅಂಡಾಣುವನ್ನು ಶೇಖರಿಸಿಡಬಹುದೇ ಎಂದೂ ವಿಚಾರಿಸಬೇಕು. ಹಿರಿಯರ ಎದುರು ಈ ಮಾತೆತ್ತಲು ಮಕ್ಕಳು ಸಂಕೋಚಪಡುತ್ತಾರೆ, ಹಿರಿಯರಿಗೆ ಅದು ಹೊಳೆಯುವುದೇ ಇಲ್ಲ.

ಎರಡನೆಯದು ಕಾಗದಪತ್ರಗಳ ಕೆಲಸ. ಇದಕ್ಕೆ ಎರಡು ದಿನ ಹಿಡಿದರೂ ಮಾಡಲೇಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ ಸಿಗುತ್ತದೆ. ಈ ಮಿತಿ ಇಡೀ ಕುಟುಂಬಕ್ಕೆ ಸೇರಿದ್ದೆಂಬುದನ್ನು ಮರೆಯಬಾರದು: ಅದೇ ವರ್ಷ ಅಪ್ಪನ ಹೃದಯದ ಚಿಕಿತ್ಸೆ ನಡೆದಿದ್ದರೆ ಅಷ್ಟು ಕಡಿಮೆಯಾಗಿರುತ್ತದೆ. ರೋಗಿಯ ಹೆಸರು ಪಡಿತರ ಚೀಟಿಯಲ್ಲಿದೆಯೇ, ಆಧಾರ್‌ನಲ್ಲಿರುವ ಹೆಸರಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ಹೆಸರು ತವರಿನ ಚೀಟಿಯಿಂದ ತೆಗೆಸಿ, ಗಂಡನ ಮನೆಯ ಚೀಟಿಗೆ ಇನ್ನೂ ಸೇರಿರದ ಸಂದರ್ಭಗಳುಂಟು; ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗ ಅದು ಗೊತ್ತಾದರೆ ಬಹಳ ಕಷ್ಟ. ತುರ್ತು ಸಂದರ್ಭವಲ್ಲದಿದ್ದರೆ, ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನಮ್ಮ ಜಿಲ್ಲೆಯವರಿಗೆ ಅದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸರ್ಕಾರದ್ದೇ ಆದ ಸ್ವಾಯತ್ತ ಕ್ಯಾನ್ಸರ್ ಆಸ್ಪತ್ರೆ. ಎಲ್ಲಿಗೇ ಹೋದರೂ ಹಣದ ಕೌಂಟರಿಗಿಂತ ಮೊದಲು, ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಾಣಬೇಕು. ಬಯಾಪ್ಸಿಯ ವರದಿಯ ಜೊತೆಗೆ ಪರೀಕ್ಷೆಗೆ ತೆಗೆದ ಅಂಗಾಂಶದ ಮಾದರಿಗಳಾದ ಸ್ಲೈಡ್ ಮತ್ತು ಬ್ಲಾಕ್‌ಗಳನ್ನೂ ಕೇಳಿ ಪಡೆದು ಒಯ್ದರೆ, ಅದೇ ಪರೀಕ್ಷೆಗೆ ಎರಡನೆಯ ಸಲ ಖರ್ಚಾಗುವುದು ಎಷ್ಟೋ ವೇಳೆ ತಪ್ಪುತ್ತದೆ.

ರೋಗಿ ಕೆಲಸದಲ್ಲಿದ್ದರೆ ರಾಜೀನಾಮೆ ಕೊಡಿಸಲೇಬೇಡಿ. ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುವ, ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳವಿರುವ ಹುಡುಗಿಗೆ ನೌಕರರ ರಾಜ್ಯ ವಿಮೆ (ಇಎಸ್ಐ) ಇದ್ದೇ ಇರುತ್ತದೆ. ಅದರಲ್ಲಿ ಚಿಕಿತ್ಸೆಯ ಜೊತೆಗೆ, ಕಾಯಿಲೆಯ ರಜೆಯ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು, ಕ್ಯಾನ್ಸರಿನಂಥ ದೀರ್ಘ ರೋಗಕ್ಕೆ ಅರ್ಹತೆಯ ಷರತ್ತುಗಳು ಪೂರೈಸಿದ್ದರೆ ಎರಡು ವರ್ಷಗಳವರೆಗೂ ಶೇ 80ರಷ್ಟು ಹಣ ದೊರೆಯುತ್ತದೆ. ಭವಿಷ್ಯ ನಿಧಿಯಿಂದಲೂ ಚಿಕಿತ್ಸೆಗೆಂದು ಹಣ ತೆಗೆಯಬಹುದು.

ಇನ್ನು ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣಿಸದ ಖರ್ಚು. ಮಲೆನಾಡಿನ ಮನೆಗಳನ್ನು ಸೋಲಿಸುವುದು ಇದೇ ಎಂದು ನನಗೆ ಅನಿಸಿದೆ: ಬಸ್ಸು, ಕಾರು, ಬಾಡಿಗೆ ಕೋಣೆ, ಊಟ, ಜೊತೆಗೆ ಹೋದವರ ತಪ್ಪಿದ ಕೂಲಿ. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ (3-ಟಯರ್) ಪೂರ್ತಿ ರಿಯಾಯಿತಿಯೂ, ಜೊತೆಗಾರರೊಬ್ಬರಿಗೆ ಶೇ 75ರಷ್ಟು ರಿಯಾಯಿತಿಯೂ ಉಂಟು. ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯಿಂದ ಪ್ರಮಾಣಪತ್ರ ಪಡೆದು ಟಿಕೆಟ್ ಕೌಂಟರಿನಲ್ಲಿ ತೋರಿಸಬೇಕು. ತಾಳಗುಪ್ಪದಿಂದ ಸಾಗರ, ಶಿವಮೊಗ್ಗದ ಮೂಲಕ ಹೋಗುವ ರಾತ್ರಿ ರೈಲು ಈ ಭಾಗದವರಿಗೆ ಅನುಕೂಲ. ವಾಸ್ತವ್ಯಕ್ಕೆ ಆಸ್ಪತ್ರೆಯ ಧರ್ಮಶಾಲೆಯನ್ನು ಮೊದಲು ಕೇಳಿ. ರಕ್ತಪರೀಕ್ಷೆಗಳನ್ನು ಊರಿನ ಹತ್ತಿರವೇ ಮಾಡಿಸಿ ವರದಿಯನ್ನಷ್ಟೇ ಕಳಿಸಬಹುದೇ ಎಂದು ವೈದ್ಯರಲ್ಲಿ ಕೇಳಿದ್ದರಿಂದ ನಮಗೆ ಎಷ್ಟೋ ಪ್ರಯಾಣಗಳು ಉಳಿದವು. ಆದರೆ ಒಂದು ಮೊತ್ತವನ್ನು ಮಾತ್ರ ಮುಟ್ಟದೆ ಮನೆಯಲ್ಲಿ ಇಟ್ಟಿರಬೇಕು. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ, ಅದು ಆಷಾಢದ ಮಳೆಯ ನಡುರಾತ್ರಿಯಾದರೂ, ಬೆಳಗಾಗಲಿ ಎನ್ನದೆ ಕಾರು ಮಾಡಿಕೊಂಡು ಆಸ್ಪತ್ರೆಗೆ ಹೊರಡಬೇಕು.

ಇಷ್ಟಾದರೂ ಹಣ ಸಾಲದಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಮೊದಲೇ ಆಸ್ಪತ್ರೆಯ ಮೊಹರಿನೊಂದಿಗೆ ಪಡೆದ ಅಂದಾಜು ಪತ್ರ ಉಪಯೋಗಕ್ಕೆ ಬರುವುದು ಇಲ್ಲಿಯೇ. ಮಾತ್ರೆಗಳನ್ನು ಕೊಳ್ಳುವ ಮುನ್ನ ಜನೌಷಧಿ ಕೇಂದ್ರದಲ್ಲಿ ಬೆಲೆ ವಿಚಾರಿಸಿ. ಸಾಲ ಅನಿವಾರ್ಯವಾದರೆ ಕೈಸಾಲಕ್ಕಿಂತ ಬ್ಯಾಂಕಿನ ಚಿನ್ನದ ಸಾಲ ಅಥವಾ ಸಹಕಾರ ಸಂಘದ ಸಾಲ ಮೇಲು. ತೋಟ ಮಾರುವ ಮಾತನ್ನು ಮೊದಲ ತಿಂಗಳಲ್ಲಿ ಯಾರೇ ಎತ್ತಿದರೂ ಮುಂದೂಡಿ.

ಕೊನೆಯದಾಗಿ, ಖರ್ಚಿನ ಲೆಕ್ಕದ ಪುಸ್ತಕವನ್ನು ರೋಗಿಯ ಕೈಗೇ ಕೊಡಿ. ಹೀಗೆ ಹೇಳುವುದಕ್ಕೆ ಕಾರಣವಿದೆ. ನಾವು ಖರ್ಚಿನ ವಿಷಯವನ್ನು ತಮ್ಮನಿಂದ ಮುಚ್ಚಿಟ್ಟಿದ್ದೆವು. ಅವನು ಅಂಗಳದ ಮಾತುಗಳಿಂದ ಊಹಿಸಿಕೊಂಡು, ಎರಡನೆಯ ವರ್ಷದಲ್ಲಿ ದಿನವೂ ನುಂಗಬೇಕಾದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದ. 'ಅಕ್ಕಾ, ಒಂದು ಪಟ್ಟಿ ಎರಡು ಪಟ್ಟು ದಿನ ಬರ್ತಿತ್ತು' ಎಂದ. ಆ ರಾತ್ರಿಯೇ ಇದುವರೆಗೆ ಖರ್ಚಾದದ್ದು, ಯೋಜನೆಯಿಂದ ಬಂದದ್ದು, ಇನ್ನೂ ಉಳಿದದ್ದು ಎಲ್ಲವನ್ನೂ ಅವನ ಮುಂದಿಟ್ಟೆವು. ಅಂದಿನಿಂದ ಪ್ರತಿ ಭಾನುವಾರ ಅವನೇ ಲೆಕ್ಕ ಬರೆದು, ಅದರ ಕೆಳಗೆ ಉಳಿದ ಮಾತ್ರೆಗಳನ್ನು ಎಣಿಸಿ ಬರೆಯತೊಡಗಿದ.