ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ

ಮಳೆಗಾಲ ಬಂತೆಂದರೆ ಕರಾವಳಿಯ ಉಳ್ಳಾಲ, ಮಲ್ಪೆ ಕಡೆಯ ಮನೆಗಳಲ್ಲಿ ಗ್ಯಾಸ್ ಗೀಸರ್ ಕೈಕೊಡುವುದು ಹೆಚ್ಚು. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ನಲ್ಲಿ ತಿರುಗಿಸಿ ಕಿವಿಗೊಡಿ.

ಕಿಡಿ ಹಾರುವ ‘ಟಿಕ್ ಟಿಕ್’ ಸದ್ದೇ ಇಲ್ಲವೆಂದರೆ ಮೊದಲು ಬ್ಯಾಟರಿ ನೋಡಿ. ಎರಡು ಬ್ಯಾಟರಿಗಳನ್ನೂ ಒಟ್ಟಿಗೇ ಬದಲಿಸಿ. ಉಪ್ಪುಗಾಳಿಗೆ ಬ್ಯಾಟರಿ ಡಬ್ಬಿಯ ಸ್ಪ್ರಿಂಗ್ ಹಸಿರುಗಟ್ಟುತ್ತದೆ, ಒಣ ಉಪ್ಪುಕಾಗದದಿಂದ ಉಜ್ಜಿ. ಆದರೂ ಸದ್ದಿಲ್ಲದಿದ್ದರೆ ನೀರಿನ ಒತ್ತಡ ಸಾಲದಿರಬಹುದು. ನೀರು ರಭಸವಾಗಿ ಹರಿದರೆ ಮಾತ್ರ ಒಳಗಿನ ಸ್ವಿಚ್ ಒತ್ತಿಕೊಳ್ಳುತ್ತದೆ. ನಮ್ಮ ಬಾವಿ ನೀರಿನ ಕೆಂಪು ಕೆಸರು ಒಳಹರಿವಿನ ಜಾಲರಿಯಲ್ಲಿ ಕಟ್ಟಿಕೊಂಡಿರುತ್ತದೆ. ನೀರು ನಿಲ್ಲಿಸಿ, ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ನನ್ನ ಅನುಭವದಲ್ಲಿ ಹೆಚ್ಚಿನ ತೊಂದರೆ ಇಲ್ಲೇ.

ಸದ್ದಿದೆ, ಉರಿಯಿಲ್ಲವೇ? ರೆಗ್ಯುಲೇಟರ್ ತೆರೆದಿದೆಯೇ ನೋಡಿ. ಹೊಸ ಸಿಲಿಂಡರ್ ಹಾಕಿದ್ದರೆ ಕೊಳವೆಯಲ್ಲಿ ಗಾಳಿ ತುಂಬಿರುತ್ತದೆ, ನಡುವೆ ಬಿಡುವು ಕೊಟ್ಟು ಒಂದೆರಡು ಸಲ ಪ್ರಯತ್ನಿಸಿ. ಹೊತ್ತಿ ತಕ್ಷಣ ಆರಿದರೆ ಜ್ವಾಲೆ ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಬರ್ನರ್, ಗ್ಯಾಸ್ ವಾಲ್ವ್ ಮಾತ್ರ ದಯವಿಟ್ಟು ನೀವು ಬಿಚ್ಚಬೇಡಿ.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಗೀಸರ್ ಸ್ನಾನದ ಮನೆಯ ಒಳಗಿದ್ದರೆ ಇಂದೇ ಹೊರಗೋಡೆಗೆ ಸ್ಥಳಾಂತರಿಸಲು ಹೇಳಿ. ಗ್ಯಾಸ್ ಉರಿಯುವಾಗ ಹುಟ್ಟಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.