ಟರ್ಬೊ ಕಾರಿನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಬಾಳುವ ಹಾಗೆ ಕೂರಿಸಿದ್ದು

ಟರ್ಬೊ ಕಾರಿನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯಲ್ಲಿರುವ ಆಮ್ಲಜನಕ ನೋಡಿ ಎಂಜಿನ್‌ನಲ್ಲಿ ಗಾಳಿ, ಪೆಟ್ರೋಲ್ ಯಾವ ಪ್ರಮಾಣದಲ್ಲಿವೆ ಅಂತ ಹೇಳುವ ಸೆನ್ಸರ್) ಬಾಳಲ್ಲ, ಆರು ತಿಂಗಳಿಗೊಮ್ಮೆ ಬದಲಿಸುತ್ತಾ ಇರಬೇಕು ಅಂತ ತುಂಬಾ ಜನ ಹೇಳಿದ್ದರು. ಚೆನ್ನಾಗಿ ಟ್ಯೂನ್ ಮಾಡುವವರೂ ಅದನ್ನೇ ಹೇಳಿದ್ದರು. ನನ್ನ ಕಾರಿನಲ್ಲಿ ಈಗಿರುವ ಬಾಷ್ ಎಲ್‌ಎಸ್‌ಯು 4.9 ಹತ್ತಿರ ಹತ್ತಿರ 40 ಸಾವಿರ ಕಿಲೋಮೀಟರ್ ಓಡಿದೆ. ರೀಡಿಂಗ್ ಇನ್ನೂ ಸರಿಯಾಗಿದೆ. ಹೇಗೆ ಮಾಡಿದೆ ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು 2 ಲೀಟರ್ ಪೆಟ್ರೋಲ್. ಟರ್ಬೊ ದೊಡ್ಡದು, ಇಂಜೆಕ್ಟರ್ ದೊಡ್ಡವು, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸ್ಟ್ಯಾಂಡ್‌ಅಲೋನ್, ಅಂದರೆ ಕಾರಿನ ಜೊತೆ ಬಂದದ್ದಲ್ಲ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಸುಮಾರು 1.3 ಬಾರ್. ಪೆಟ್ರೋಲ್ ಜಾಸ್ತಿಯೋ ಕಡಿಮೆಯೋ ಅಂತಷ್ಟೇ ಹೇಳುವ ನ್ಯಾರೋಬ್ಯಾಂಡ್ ಸೆನ್ಸರ್ ಇಟ್ಟುಕೊಂಡು ಇಂಥ ಎಂಜಿನ್ ಟ್ಯೂನ್ ಮಾಡಲು ಆಗಲ್ಲ ಅನ್ನುವುದು ನಿಮಗೆಲ್ಲ ಗೊತ್ತು. ಅದನ್ನು ಬಿಡೋಣ.

ಮೊದಲು ಜಾಗದ ವಿಷಯ. ನನ್ನ ಡೌನ್‌ಪೈಪಿನಲ್ಲಿ (ಟರ್ಬೊದಿಂದ ಹೊರಡುವ ಹೊಗೆ ಪೈಪು) ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಲೋಹದ ಬಳೆ) ಮೊದಲೇ ವೆಲ್ಡ್ ಆಗಿ ಬಂದಿತ್ತು. ಟರ್ಬೊ ಬಾಯಿಂದ ಒಂದು ಗೇಣು ಕೆಳಗೆ. ಎಲ್ಲರೂ ಅಲ್ಲೇ ಹಾಕುತ್ತಾರೆ, ನಾನೂ ಅಲ್ಲೇ ಹಾಕಿದೆ. ಮೊದಲ ಸೆನ್ಸರ್ ಕೆಲವೇ ತಿಂಗಳಲ್ಲಿ ಹೋಯಿತು. ಎರಡನೆಯದು ಅದಕ್ಕಿಂತ ಬೇಗ ಹೋಯಿತು. ಎರಡೂ ಸಲ ಒಂದೇ ಲಕ್ಷಣ. ಮೊದಲು ರೀಡಿಂಗ್ ನಿಧಾನವಾಯಿತು, ಆಮೇಲೆ ಐಡಲ್‌ನಲ್ಲಿ ಅಲ್ಲಾಡತೊಡಗಿತು, ಕೊನೆಗೆ ಗೇಜ್ ಮೇಲೆ ಎರರ್ ಬಂತು. ಮೂರನೆಯದೂ ಹೋಗುವ ಹೊತ್ತಿಗೆ ಒಟ್ಟು ಖರ್ಚು ಗೇಜ್, ಸೆನ್ಸರ್ ನಡೆಸುವ ಕಂಟ್ರೋಲರ್ ಸೇರಿದ ಪೂರ್ತಿ ಕಿಟ್‌ನ ಬೆಲೆಯನ್ನೇ ದಾಟಿತ್ತು. ಸುಮ್ನೆ ಬದಲಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ ಅನಿಸಿತು.

ಅದೇ ಬಂಗ್ ಪಕ್ಕದಲ್ಲಿ ಒಂದು ಕೆ ಟೈಪ್ ಥರ್ಮೋಕಪಲ್ (ತಾಪ ಅಳೆಯುವ ಕಡ್ಡಿ) ತೂರಿಸಿ ಅಳೆದೆ. ಫುಲ್ ಬೂಸ್ಟ್‌ನಲ್ಲಿ ಗ್ಯಾಸ್ 850 ಡಿಗ್ರಿ ಸುಲಭವಾಗಿ ದಾಟುತ್ತಿತ್ತು. ಎಲ್‌ಎಸ್‌ಯು 4.9 ಸೆನ್ಸರ್‌ಗೆ ಗ್ಯಾಸ್ 930 ಡಿಗ್ರಿವರೆಗೆ ಪರವಾಗಿಲ್ಲ. ಆದರೆ ಸ್ಪ್ಯಾನರ್ ಕೂರುವ ಷಡ್ಭುಜದ ಭಾಗ 600 ದಾಟಬಾರದು. ಟರ್ಬೊ ಪಕ್ಕದಲ್ಲಿ ಪೈಪೇ ಕೆಂಪಗೆ ಕಾಯುತ್ತೆ, ಮೇಲಿಂದ ಟರ್ಬೈನ್ ಹೌಸಿಂಗಿನ ಕಾವು ಬೇರೆ. ಸೆನ್ಸರ್ ಒಳಗಿನಿಂದ ಸಾಯುತ್ತಿರಲಿಲ್ಲ, ಹೊರಗಿನಿಂದ ಬೇಯುತ್ತಿತ್ತು. ಇದು ಗೊತ್ತಾದ ಮೇಲೆ ಹಳೇ ಬಂಗ್‌ಗೆ ಪ್ಲಗ್ ಹಾಕಿ, ಟರ್ಬೊದಿಂದ ಸುಮಾರು 90 ಸೆಂಟಿಮೀಟರ್ ಕೆಳಗೆ ಹೊಸ ಬಂಗ್ ಹಾಕಿದೆ. ಅಲ್ಲಿ ಗ್ಯಾಸ್ ಹಳೇ ಜಾಗಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ತಣ್ಣಗಿರುತ್ತೆ. ಅಷ್ಟು ದೂರ ಹಾಕಿದರೆ ರೀಡಿಂಗ್ ತಡವಾಗುತ್ತೆ ಅಂದರು. ಐಡಲ್‌ನಲ್ಲಿ ಸ್ವಲ್ಪ ಆಗುತ್ತೆ, ನಿಜ. ಬೂಸ್ಟ್‌ನಲ್ಲಿ ಗ್ಯಾಸ್ ಓಡುವ ವೇಗಕ್ಕೆ ಲಾಗ್‌ನಲ್ಲಿ ಆ ವ್ಯತ್ಯಾಸವನ್ನು ಹುಡುಕಬೇಕು.

ಒಬ್ಬರು ಟರ್ಬೊಗೆ ಮುಂಚೆ, ಎಂಜಿನ್‌ನಿಂದ ಹೊಗೆ ತರುವ ಮ್ಯಾನಿಫೋಲ್ಡ್‌ನಲ್ಲೇ ಹಾಕು, ಬೇಗ ಓದುತ್ತೆ ಅಂತ ವಾದ ಮಾಡುತ್ತಲೇ ಇದ್ದರು. ಅದನ್ನೂ ನೋಡೇಬಿಡೋಣ ಅಂತ ಹಳೆಯ ಮ್ಯಾನಿಫೋಲ್ಡ್‌ಗೆ ಬಂಗ್ ಹಾಕಿ ಹೋಲಿಸಿದೆ. ಅದೇ ಮ್ಯಾಪ್ (ಇಸಿಯುವಿನಲ್ಲಿರುವ ಪೆಟ್ರೋಲ್ ಲೆಕ್ಕದ ಪಟ್ಟಿ), ಅದೇ ಬೂಸ್ಟ್. ಕೆಳಗೆ ಎಎಫ್‌ಆರ್ (ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ) 11.6 ತೋರಿಸುವ ಕಡೆ ಮೇಲೆ 11ರ ಆಸುಪಾಸು ತೋರಿಸಿತು. ಒತ್ತಡ ಜಾಸ್ತಿಯಾದರೆ ಈ ಸೆನ್ಸರ್ ರಿಚ್ (ಪೆಟ್ರೋಲ್ ಜಾಸ್ತಿ) ಅನ್ನು ಇನ್ನೂ ರಿಚ್ ಅಂತ, ಲೀನ್ (ಪೆಟ್ರೋಲ್ ಕಡಿಮೆ) ಅನ್ನು ಇನ್ನೂ ಲೀನ್ ಅಂತ ಹೇಳುತ್ತೆ. ಆ ರೀಡಿಂಗ್ ನಂಬಿ ಪೆಟ್ರೋಲ್ ಕಡಿಮೆ ಮಾಡಿದ್ದರೆ ಪಿಸ್ಟನ್ ಕಥೆ ಏನಾಗುತ್ತಿತ್ತು, ನೀವೇ ಹೇಳಿ. ಟರ್ಬೊ ಮುಂಚೆ ಹಾಕುವ ವಿಚಾರ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ವೆಲ್ಡಿಂಗ್‌ನಲ್ಲಿ ಒಂದು ವಿಷಯ. ಬಂಗ್ ಒಳಗೆ ಸತ್ತ ಸೆನ್ಸರ್ ಒಂದನ್ನು ತಿರುಗಿಸಿಟ್ಟು ವೆಲ್ಡ್ ಮಾಡಿದರೆ ಒಳಗಿನ ಎಂ18 ಥ್ರೆಡ್ ಸೊಟ್ಟಗಾಗಲ್ಲ. ಹಳೆಯವು ನನ್ನ ಹತ್ತಿರ ಬೇಕಾದಷ್ಟಿದ್ದವು. ಸೆನ್ಸರ್ ಅಡ್ಡಡ್ಡ ಮಲಗಬಾರದು. ಕನಿಷ್ಠ 10 ಡಿಗ್ರಿಯಾದರೂ ಮೇಲಕ್ಕೆ ಎದ್ದಿರಬೇಕು, ತುದಿ ಕೆಳಮುಖ ಇರಬೇಕು. ಇಲ್ಲದಿದ್ದರೆ ಪೈಪಿನಲ್ಲಿ ಕೂಡಿದ ನೀರು ಒಳಗೇ ನಿಲ್ಲುತ್ತೆ. ಬಿಗಿಮಾಡುವುದು 45, 50 ನ್ಯೂಟನ್ ಮೀಟರ್ ಸಾಕು.

ಆ ನೀರೇ ಎರಡನೇ ಶತ್ರು. ಕೀ ತಿರುಗಿಸಿದ ತಕ್ಷಣ ಬಹಳಷ್ಟು ಗೇಜ್‌ಗಳು ಹೀಟರ್ ಆನ್ ಮಾಡುತ್ತವೆ. ತಣ್ಣನೆಯ ಪೈಪಿನಲ್ಲಿ ತೇವ ಇರುತ್ತೆ. ಎಂಜಿನ್ ಸ್ಟಾರ್ಟ್ ಆದಾಗ ಆ ಹನಿಗಳು ಹಾರಿ ಬಂದು ಕಾದ ಸೆರಾಮಿಕ್‌ಗೆ ಬಡಿಯುತ್ತವೆ. ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ. ಸೆರಾಮಿಕ್ ಬಿರುಕು ಬಿಡುತ್ತೆ. ಹಾಗಾಗಿ ಕಂಟ್ರೋಲರ್‌ಗೆ ಇಗ್ನಿಷನ್‌ನಿಂದ ನೇರ ಕರೆಂಟ್ ಕೊಡುವುದನ್ನು ಬಿಟ್ಟೆ. ಬೇರೆ ರಿಲೇ, ಬೇರೆ ಫ್ಯೂಸ್. ಆ ರಿಲೇಯನ್ನು ಇಸಿಯುವಿನ ಖಾಲಿ ಔಟ್‌ಪುಟ್ ಒಂದು ಎಳೆಯುತ್ತೆ, ಎಂಜಿನ್ ಓಡುತ್ತಿದ್ದರೆ ಮಾತ್ರ. ತಣ್ಣನೆ ಸ್ಟಾರ್ಟ್‌ನಲ್ಲಿ ಇನ್ನೂ ಸ್ವಲ್ಪ ತಡ ಮಾಡಿ ಎಳೆಯುತ್ತೆ. ಎಷ್ಟು ಸೆಕೆಂಡ್, ಯಾವ ಯಾವ ಷರತ್ತು ಅನ್ನುವುದನ್ನು ಇಲ್ಲಿ ಹೇಳಲ್ಲ. ತುಂಬಾ ದಿನ ಕೂತು ಹೊಂದಿಸಿದ್ದು ಅದು. ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ. ಜಾಸ್ತಿ ತಡ ಮಾಡಿದರೆ ಬಿಸಿಯಾಗದ ಸೆನ್ಸರ್ ಮೇಲೆ ಮಸಿ ಕೂರುತ್ತೆ, ಅದೂ ಸಾವೇ.

ವೈರಿಂಗ್‌ನಲ್ಲಿ ಎಲ್ಲರೂ ಎಡವುವುದು ಅರ್ತ್‌ನಲ್ಲಿ. ನನ್ನ ಗೇಜ್ 11.8 ಅನ್ನುವಾಗ ಇಸಿಯು ಲಾಗ್ 12.1, 12.2 ಅನ್ನುತ್ತಿತ್ತು. ರೇಡಿಯೇಟರ್ ಫ್ಯಾನ್ ಆನ್ ಆದರೆ ಲೆಕ್ಕ ಮತ್ತೆ ಬದಲಾಗುತ್ತಿತ್ತು. ನನ್ನ ಕಂಟ್ರೋಲರ್ ರೀಡಿಂಗ್ ಅನ್ನು ವೋಲ್ಟೇಜ್ ಆಗಿ ಇಸಿಯುಗೆ ಕಳಿಸುತ್ತಿತ್ತು, ಒಂದು ವೋಲ್ಟ್‌ಗೆ ಸುಮಾರು 2.4 ಎಎಫ್‌ಆರ್. ಅಂದರೆ ಅರ್ತ್‌ನಲ್ಲಿ 0.15 ವೋಲ್ಟ್ ವ್ಯತ್ಯಾಸ ಇದ್ದರೆ ಸಾಕು, 0.36ರಷ್ಟು ಸುಳ್ಳು. ಡ್ಯಾಶ್‌ಬೋರ್ಡ್ ಕೆಳಗಿನ ಯಾವುದೋ ಬೋಲ್ಟ್‌ಗೆ ಅರ್ತ್ ಸಿಕ್ಕಿಸಿದರೆ ಹೀಗೇ ಆಗೋದು. ಕಂಟ್ರೋಲರ್ ಅರ್ತ್ ಅನ್ನು ಎಂಜಿನ್ ಮೇಲೆ ಇಸಿಯು ಅರ್ತ್ ಕೂರುವ ಅದೇ ಜಾಗಕ್ಕೆ ಒಯ್ದೆ. ಗೇಜ್‌ಗೂ ಲಾಗ್‌ಗೂ ನಡುವಿನ ವ್ಯತ್ಯಾಸ 0.05ಕ್ಕೆ ಇಳಿಯಿತು. ಆಮೇಲೆ ವೋಲ್ಟೇಜ್ ಬಿಟ್ಟು ಕ್ಯಾನ್ (ರೀಡಿಂಗ್ ಅನ್ನು ಡಿಜಿಟಲ್ ಆಗಿ ಕಳಿಸುವ ವೈರ್) ಮೂಲಕವೇ ಇಸಿಯುಗೆ ಕೊಟ್ಟೆ, ಅದೂ ಹೋಯಿತು. ನಿಮ್ಮ ಇಸಿಯು ಕ್ಯಾನ್ ತೆಗೆದುಕೊಳ್ಳುವುದಾದರೆ ಅನಲಾಗ್ ತಂಟೆಗೇ ಹೋಗಬೇಡಿ.

ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ತೂತಿನಲ್ಲಿ ತೂರಲಿಲ್ಲ ಅಂತ ಸೆನ್ಸರ್ ಕನೆಕ್ಟರ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಕನೆಕ್ಟರ್ ಒಳಗೆ ಅದೇ ಸೆನ್ಸರ್‌ಗೆ ಅಂತ ಹೊಂದಿಸಿದ ರೆಸಿಸ್ಟರ್ ಇದೆ. ಸೆನ್ಸರ್‌ನಿಂದ ಬರುವುದು ಐದು ವೈರ್, ಕನೆಕ್ಟರ್‌ನಲ್ಲಿ ಆರು ಪಿನ್. ಆ ಆರನೇ ಪಿನ್ ಅದಕ್ಕೇ. ತೂತನ್ನೇ ದೊಡ್ಡದು ಮಾಡಿ ಗ್ರಾಮೆಟ್ ಹಾಕಿ.

ಗೇಜ್ ಎಲ್ಲಿ ಕೂರಿಸಬೇಕು ಅನ್ನುವುದು ನಿಮ್ಮಿಷ್ಟ. ನನ್ನದು ಎ ಪಿಲ್ಲರ್ ಮೇಲಿದೆ. ಅದರಲ್ಲಿ ಎಎಫ್‌ಆರ್ ಬದಲು ಲ್ಯಾಂಬ್ಡಾ (1 ಅಂದರೆ ಗಾಳಿ, ಪೆಟ್ರೋಲ್ ಸರಿಯಾದ ಪ್ರಮಾಣ, ಕಡಿಮೆಯಾದರೆ ರಿಚ್) ಇಟ್ಟುಕೊಂಡಿದ್ದೇನೆ. ಪೆಟ್ರೋಲ್‌ನಲ್ಲಿ ಎಥನಾಲ್ ಎಷ್ಟೇ ಇರಲಿ, 0.80 ಅಂದರೆ 0.80.

ಇದೆಲ್ಲ ಮುಗಿದ ಮೇಲೆ ಕಾರನ್ನು ಡೈನೋ (ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಹತ್ತಿಸಿದೆ. ಮನೆಯಲ್ಲಿ ಕೂರಿಸಿದ ಸೆನ್ಸರ್ ನಂಬಲ್ಲ ಅಂತ ಟ್ಯೂನರ್ ತಮ್ಮ ಸೆನ್ಸರ್ ಅನ್ನೇ ಸೈಲೆನ್ಸರ್ ಬಾಯಿಗೆ ಹಾಕಿದರು. ಐಡಲ್‌ನಲ್ಲಿ ಅವರದು ನನ್ನದಕ್ಕಿಂತ ಲೀನ್ ತೋರಿಸಿತು. ಅದು ಪೈಪಿನ ಬಾಯಿಂದ ಒಳಗೆ ಬರುವ ಗಾಳಿ. ಲೋಡ್ ಹಾಕಿದ ಮೇಲೆ ಎರಡೂ 0.1 ಎಎಫ್‌ಆರ್ ಒಳಗೇ ಕೂತವು. ಒಂದೆರಡು ಪುಲ್ (ಫುಲ್ ಥ್ರಾಟಲ್ ಓಟ) ಆದ ಮೇಲೆ ಅವರೇ ತಮ್ಮದನ್ನು ತೆಗೆದಿಟ್ಟು ನನ್ನ ಲಾಗ್ ನೋಡಿಕೊಂಡೇ ಮ್ಯಾಪ್ ಮುಗಿಸಿದರು. ಡೈನೋ ಬಾಡಿಗೆಯಲ್ಲಿ ಅರ್ಧ ದಿನದಷ್ಟು ಉಳಿಯಿತು. ಇದನ್ನು ಹೇಳಿಕೊಳ್ಳಲು ನನಗೆ ಖುಷಿಯಿದೆ.

ಲೀಕ್ ಎಷ್ಟು ಮೋಸ ಮಾಡುತ್ತೆ ಅಂತ ನೋಡಲು ಒಂದು ದಿನ ಬೇಕಂತಲೇ ಡೌನ್‌ಪೈಪ್ ಫ್ಲಾಂಜ್ ಬೋಲ್ಟ್ ಸಡಿಲ ಮಾಡಿದೆ. ಐಡಲ್‌ನಲ್ಲಿ ರೀಡಿಂಗ್ 15.5 ದಾಟಿತು. ಫುಲ್ ಬೂಸ್ಟ್‌ನಲ್ಲಿ ಏನೂ ಬದಲಾಗಲಿಲ್ಲ ಅನ್ನಬಹುದು. ಬೂಸ್ಟ್‌ನಲ್ಲಿ ಗ್ಯಾಸ್ ಹೊರಗೆ ತಳ್ಳುತ್ತೆ, ಐಡಲ್‌ನಲ್ಲಿ ಪ್ರತಿ ಬಡಿತದ ನಡುವೆ ಗಾಳಿ ಒಳಗೆ ಎಳೆಯುತ್ತೆ. ಐಡಲ್ ಮಾತ್ರ ಲೀನ್, ಉಳಿದದ್ದು ಸರಿ ಅಂದರೆ ಮ್ಯಾಪ್ ಮುಟ್ಟುವ ಮೊದಲು ಗ್ಯಾಸ್ಕೆಟ್ ನೋಡಿ. ಮಿಸ್‌ಫೈರ್ ಆದರೂ ಲೀನ್ ತೋರಿಸುತ್ತೆ, ಉರಿಯದ ಆಮ್ಲಜನಕ ಹಾಗೇ ಬರುತ್ತಲ್ವಾ. ಸೆನ್ಸರ್ ಆರೋಗ್ಯಕ್ಕೆ ನನ್ನ ಪರೀಕ್ಷೆ ಸುಲಭ. ಇಳಿಜಾರಿನಲ್ಲಿ ಗೇರ್‌ನಲ್ಲೇ ಇದ್ದು ಥ್ರಾಟಲ್ ಬಿಟ್ಟರೆ ಇಂಜೆಕ್ಟರ್ ಬಂದ್ ಆಗುತ್ತೆ. ಆಗ ಗೇಜ್ ತಕ್ಷಣ ಲೀನ್ ತುದಿಗೆ ಹೋಗಬೇಕು. ತಡವರಿಸಿದರೆ ಸೆನ್ಸರ್‌ಗೆ ವಯಸ್ಸಾಗಿದೆ.

ಇದರಿಂದ ನಿಜವಾಗಿ ಉಳಿದ ದುಡ್ಡು ಸೆನ್ಸರ್‌ನದಲ್ಲ. 0.7 ಬಾರ್ ಮೇಲೆ ಲ್ಯಾಂಬ್ಡಾ 0.86 ದಾಟಿ ಅರ್ಧ ಸೆಕೆಂಡ್ ನಿಂತರೆ ಬೂಸ್ಟ್ ಕಟ್ ಮಾಡು ಅಂತ ಇಸಿಯುಗೆ ಹೇಳಿಟ್ಟಿದ್ದೆ. ಕಳೆದ ಬೇಸಿಗೆಯಲ್ಲಿ ಮೂರನೇ ಗೇರ್ ಎಳೆಯುವಾಗ ಕಟ್ ಆಯಿತು. ಲಾಗ್ ತೆಗೆದು ನೋಡಿದರೆ ಆರ್‌ಪಿಎಂ ಏರುತ್ತಾ ಏರುತ್ತಾ 0.80 ಇದ್ದದ್ದು 0.87ಕ್ಕೆ ಹೋಗಿತ್ತು. ಪೆಟ್ರೋಲ್ ಪಂಪ್ ಸೋತಿತ್ತು. ಒಂದು ಪಂಪ್‌ನ ಖರ್ಚಿನಲ್ಲಿ ಮುಗಿಯಿತು. ಕಟ್ ಇಲ್ಲದಿದ್ದರೆ ಎಂಜಿನ್ ಬಿಚ್ಚಬೇಕಾಗುತ್ತಿತ್ತು.

ಇದೇ ವೈರಿಂಗ್ ಅನ್ನು ಈಗ ಸ್ನೇಹಿತರ ಕಾರಿಗೂ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಇದೆ, ಬಂಗ್ ಅದಕ್ಕಿಂತ ಮುಂಚೆಯೇ ಬರಬೇಕು. ಸಿಕ್ಕಿದ್ದು 60 ಸೆಂಟಿಮೀಟರ್ ಅಷ್ಟೇ. ಬಿಸಿ ಹೀರುವ ಎತ್ತರದ ಬಂಗ್ ಹಾಕಿ, ಟರ್ಬೊ ಕಡೆಗೆ ಒಂದು ಹೀಟ್ ಶೀಲ್ಡ್ ಕಟ್ಟಿದ್ದೇನೆ. ಸುಮಾರು 8 ಸಾವಿರ ಕಿಲೋಮೀಟರ್ ಆಗಿದೆ, ಇಳಿಜಾರಿನ ಪರೀಕ್ಷೆಯಲ್ಲಿ ಈವರೆಗೆ ಪಾಸ್.