ಕಾಫಿ ಕಣದಲ್ಲಿ ಹುಟ್ಟಿದ ಐಡಿಯಾ ಅಂಗಡಿಗೆ ಬರೋದು ಹೇಗೆ?

ಆಲ್ದೂರಿನ ಹತ್ತಿರ ತೋಟ ಇರುವ ನನ್ನ ಅಕ್ಕನ ಮಗ ಕಾಫಿ ಕಣಕ್ಕೆ ಒಂದು ಪುಟ್ಟ ಸಾಧನ ಮಾಡಿದ್ದಾನೆ. ಕಡ್ಡಿಯಂಥ ಅದನ್ನು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಳು) ರಾಶಿಗೆ ಚುಚ್ಚಿದರೆ ಸಾಕು, ತೇವಾಂಶ ಶೇ 10ಕ್ಕೆ ಇಳಿದಿದೆಯಾ ಅಂತ ಮೊಬೈಲ್‌ನಲ್ಲಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ತೋಟದ ಉಸ್ತುವಾರಿ ನೋಡುವ ರೈಟರು ಕಾಳು ಕಚ್ಚಿ ನೋಡಿ 'ಇನ್ನೆರಡು ಬಿಸಿಲು ಬೇಕು' ಅನ್ನುತ್ತಿದ್ದರು. ಇಂಥದ್ದನ್ನು ಮಾರುಕಟ್ಟೆಗೆ ತರಲು ಸರ್ಕಾರದ ನೆರವು ಇದೆ. ಯಾವುದು ಮೊದಲು ಅನ್ನುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ.

ಮೊದಲು ಪೇಟೆಂಟ್. ಕೃಷಿ ಮೇಳದಲ್ಲಿ ಎಲ್ಲರೆದುರು ಬಿಚ್ಚಿಟ್ಟ ಮೇಲೆ ಅರ್ಜಿ ಹಾಕಿದರೆ 'ಇದು ಹೊಸದಲ್ಲ' ಅಂತ ತಿರಸ್ಕಾರವಾಗಬಹುದು. ಸಾಧನ ಪೂರ್ತಿಯಾಗಿಲ್ಲವೇ? ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ. ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಆನ್‌ಲೈನ್ ಶುಲ್ಕ ದೊಡ್ಡ ಕಂಪನಿಗಳಿಗೆ 8,000 ರೂಪಾಯಿ, ಸ್ಟಾರ್ಟ್‌ಅಪ್‌ಗೂ ಒಬ್ಬ ವ್ಯಕ್ತಿಗೂ ಬರೀ 1,600.

ಆಮೇಲೆ ನೋಂದಣಿ. ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ನೋಂದಾಯಿತ ಪಾಲುದಾರಿಕೆ ಸಂಸ್ಥೆ ಮಾಡಿಕೊಂಡು ಸ್ಟಾರ್ಟ್‌ಅಪ್ ಇಂಡಿಯಾ ಪೋರ್ಟಲ್‌ನಲ್ಲಿ ಮಾನ್ಯತೆಗೆ ಅರ್ಜಿ ಹಾಕಿ. ಇದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಯೂ ಪುಕ್ಕಟೆ. ಅದಕ್ಕೂ ಒಬ್ಬ ಏಜೆಂಟ್‌ಗೆ ನಾವು ಸುಮ್ನೆ ದುಡ್ಡು ಸುರಿದೆವು! ಮಾನ್ಯತೆ ಅರ್ಜಿಯಲ್ಲಿ 'ತೇವಾಂಶ ಅಳೆಯುವ ಯಂತ್ರ' ಅಂತಷ್ಟೇ ಬರೆದಿದ್ದಕ್ಕೆ ಅದು ವಾಪಸ್ ಬಂತು. ಈಗಿರುವ ಮೀಟರ್‌ಗೆ ಕಾಳು ತೆಗೆದು ಹಾಕಬೇಕು, ಇದು ರಾಶಿಯೊಳಗೇ ಅಳೆಯುತ್ತದೆ ಅಂತ ವಿವರಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ಹೊಸತನ ಎಲ್ಲಿದೆ ಅಂತ ನೀವೇ ತೋರಿಸಬೇಕು ಅಲ್ವಾ?

ಕಾಫಿಗೆ ಸಂಬಂಧಿಸಿದ್ದಾದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲೇ ಹೊಸ ಉದ್ಯಮಗಳನ್ನು ಬೆಳೆಸುವ ಅಟಲ್ ಇನ್‌ಕ್ಯುಬೇಷನ್ ಸೆಂಟರ್ ಇದೆ. ಬೆಂಗಳೂರಿಗೆ ಓಡುವ ಮೊದಲು ಅಲ್ಲಿ ಹೋಗಿ ಮಾತಾಡಿ. ಹಾಸನದ ಕಡೆ ಆಲೂಗಡ್ಡೆ, ಶುಂಠಿಗೆ ಏನಾದರೂ ಮಾಡಿದವರು ಕೃಷಿ ಸ್ಟಾರ್ಟ್‌ಅಪ್‌ಗಳಿಗೆ ನೆರವಾಗುವ ಕೇಂದ್ರದ ರಫ್ತಾರ್ ಯೋಜನೆ ನೋಡಬಹುದು. ಐಡಿಯಾ ಹಂತಕ್ಕೆ 5 ಲಕ್ಷ, ಮುಂದಿನ ಹಂತಕ್ಕೆ 25 ಲಕ್ಷದವರೆಗೆ ಅನುದಾನವಿದೆ.

ಸ್ಟಾರ್ಟ್‌ಅಪ್‌ಗಳಿಗೆ ರಾಜ್ಯ ಸರ್ಕಾರ ನಡೆಸುವ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಸಿಗುತ್ತದೆ. ಅದು ಸಾಲವಲ್ಲ, ಕಂಪನಿಯಲ್ಲಿ ಪಾಲೂ ಕೇಳುವುದಿಲ್ಲ. ಆದರೆ ತೀರ್ಪುಗಾರರ ಮುಂದೆ ನಿಂತು ಐಡಿಯಾ ಒಪ್ಪಿಸಬೇಕು. ನಾಲ್ಕೈದು ತೋಟದಲ್ಲಿ ಬಳಸಿ ನೋಡಿದ ಲೆಕ್ಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಕುಯ್ಲು ಶುರುವಾದರೆ ಪ್ಲಾಂಟರ್‌ಗಳಿಗೆ ಫೋನ್ ಎತ್ತಲೂ ಪುರುಸೊತ್ತಿರಲ್ಲ. ಹಾಗಾಗಿ ಪ್ರಯೋಗಕ್ಕೆ ಕಣ ಬಿಟ್ಟುಕೊಡಿ ಅಂತ ಮಳೆಗಾಲದಲ್ಲೇ ಕೇಳಿಟ್ಟುಕೊಳ್ಳಿ.